ಪೆನ್ ಇರುವ ದೊಡ್ಡ ಫೋನ್: ಬಲಗಡೆ ಎರಡು ಬೆರಳಗಲ ಬಿಟ್ಟು ಎಲ್ಲ ಚೆನ್ನಾಗಿತ್ತು

ಪರದೆಯ ಬಲಗಡೆ, ಅಂಚಿನಿಂದ ಒಳಕ್ಕೆ ಎರಡು ಬೆರಳಗಲದಷ್ಟು ಜಾಗ. ಅಲ್ಲಿ ಬೆರಳು ಕೆಲಸ ಮಾಡುತ್ತಿತ್ತು, ಪೆನ್ ಮಾಡುತ್ತಿರಲಿಲ್ಲ. ಒಮ್ಮೊಮ್ಮೆ ಮಾಡುತ್ತಿತ್ತು. ಈ ಒಮ್ಮೊಮ್ಮೆ ಇದೆಯಲ್ಲ, ಅದೇ ತಲೆ ತಿಂದದ್ದು. ಪೂರ್ತಿ ಕೆಟ್ಟಿದ್ದರೆ ರಿಪೇರಿಗೆ ಕೊಟ್ಟು ಸುಮ್ಮನಿರಬಹುದಿತ್ತು.

ಕ್ಯಾಮೆರಾ, ಪ್ರೊಸೆಸರ್, ಬ್ಯಾಟರಿ ಇವನ್ನೆಲ್ಲ ನೀವು ಬೇರೆ ಕಡೆ ಓದಿರುತ್ತೀರಿ, ಬಿಟ್ಟುಬಿಡುತ್ತೇನೆ. ಕಂಪನಿ ಹೆಸರನ್ನೂ ಬೇಕಂತಲೇ ಬರೆದಿಲ್ಲ. ಫೋನಿನ ಹೊಟ್ಟೆಯೊಳಗೇ ಪೆನ್ ಸಿಕ್ಕಿಸಿಡುವಂಥ, ಬ್ಯಾಟರಿ ಇಲ್ಲದೆಯೇ ಪೆನ್ ಬರೆಯುವಂಥ ಫೋನ್ ನಿಮ್ಮ ಹತ್ತಿರ ಇದ್ದರೆ ಇದು ನಿಮಗೂ ಉಪಯೋಗಕ್ಕೆ ಬರಬಹುದು.

ನಾನು ಇದನ್ನು ಕೊಂಡದ್ದು ಕರಡು ತಿದ್ದಲಿಕ್ಕೆ. ಬೇರೆಯವರು ಟೈಪ್ ಮಾಡಿದ ಪುಟಗಳು ಪಿಡಿಎಫ್ ಆಗಿ ಬರುತ್ತವೆ. ಲ-ಳ ಅದಲುಬದಲು, ಬಿಟ್ಟುಹೋದ ದೀರ್ಘ, ಕಾಣೆಯಾದ ಒತ್ತು, ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಗುರುತು ಹಾಕಿ ವಾಪಸ್ ಕಳಿಸಬೇಕು. ಟ್ಯಾಬ್ಲೆಟ್ ಇದ್ದರೆ ಇನ್ನೂ ಚೆನ್ನ, ನಿಜ. ಆದರೆ ಫೋನೂ ಬೇಕು, ಟ್ಯಾಬ್ಲೆಟ್ಟೂ ಬೇಕು ಅಂದರೆ ಎರಡು ಖರ್ಚು. ಹೊಸ ಮಾಡೆಲ್ ಬಂದು ಹಳೆಯದರ ಬೆಲೆ ಇಳಿದ ಮೇಲೆ ಈ ಫೋನ್ ತೆಗೆದುಕೊಂಡೆ. ಎರಡು ವರ್ಷದ ಮೇಲಾಯಿತು.

ತಿದ್ದುವ ಕೆಲಸದಲ್ಲಿ ಪೆನ್ ಎಷ್ಟು ಸಲೀಸು ಅಂತ ಬಳಸಿದವರಿಗೇ ಗೊತ್ತು. ಎಡಗೈಯಲ್ಲಿ ಎರಡು ಬೆರಳಿಟ್ಟು ಪುಟ ಹಿಗ್ಗಿಸುವುದು, ಬಲಗೈಯಲ್ಲಿ ತಪ್ಪಿನ ಸುತ್ತ ಒಂದು ಸುತ್ತು, ಅಲ್ಲಿಂದ ಬಲ ಅಂಚಿಗೆ ಒಂದು ಗೆರೆ ಎಳೆದು ಸರಿಯಾದ ಅಕ್ಷರ ಬರೆಯುವುದು. ಒತ್ತಿದರೆ ಗೆರೆ ದಪ್ಪ, ಹಗುರಾಗಿ ಹಿಡಿದರೆ ತೆಳು. ತಪ್ಪಿದರೆ ಪೆನ್ನಿನ ಗುಂಡಿ ಒತ್ತಿಹಿಡಿದು ಉಜ್ಜಿದರಾಯಿತು, ಅಳಿಸಿಹೋಗುತ್ತದೆ. ಅಂಗೈ ಪರದೆಗೆ ತಾಗಿದರೂ ಗೀಟು ಬೀಳುವುದಿಲ್ಲ.

ಇಷ್ಟೆಲ್ಲದಕ್ಕಿಂತ ನನಗೆ ಜಾಸ್ತಿ ಇಷ್ಟವಾದದ್ದು, ಕೊಳ್ಳುವಾಗ ಯೋಚನೆಯೇ ಮಾಡಿರದ ಒಂದು ಸಣ್ಣ ಸೌಲಭ್ಯ. ಫೋನ್ ಲಾಕ್ ಆಗಿ ಪರದೆ ಕಪ್ಪಗಿರುವಾಗ ಪೆನ್ ಎಳೆದರೆ ಸಾಕು, ಆ ಕಪ್ಪು ಪರದೆಯ ಮೇಲೇ ಬರೆಯಬಹುದು. ಲಾಕ್ ತೆಗೆಯಬೇಕಿಲ್ಲ, ಆಪ್ ಹುಡುಕಬೇಕಿಲ್ಲ. ಬರೆದಾದ ಮೇಲೆ ಪೆನ್ ಒಳಗೆ ತಳ್ಳಿದರೆ ಟಕ್ ಅಂತ ಕೂರುತ್ತದೆ, ಬರೆದದ್ದು ತಾನಾಗಿ ಉಳಿಯುತ್ತದೆ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ನೆನಪಾಗುವ ಕೆಲಸಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಕಣ್ಣು ಕುಕ್ಕುವ ಬೆಳಕಿಲ್ಲ. ಎದ್ದ ಮೇಲೆ ಅಕ್ಷರ ಓದಲಿಕ್ಕೆ ಸ್ವಲ್ಪ ಕಷ್ಟ, ಅಷ್ಟೆ. ಅದು ಫೋನಿನ ದೋಷ ಅಲ್ಲ.

ಕನ್ನಡದಲ್ಲಿ ಕೈಬರಹವೂ ನಡೆಯುತ್ತದೆ. ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಕೈಬರಹ ಆರಿಸಿಕೊಂಡರೆ ಬರೆದದ್ದನ್ನು ಟೈಪಿನ ಅಕ್ಷರ ಮಾಡಿಕೊಡುತ್ತದೆ. ಒತ್ತಕ್ಷರ ಗುರುತಿಸುವುದರಲ್ಲಿ ನಾನು ಅಂದುಕೊಂಡದ್ದಕ್ಕಿಂತ ಜಾಣ. ಅರ್ಕಾವೊತ್ತಿನಲ್ಲಿ ಮಾತ್ರ ಆಗಾಗ ಎಡವುತ್ತದೆ. ಅವಸರದಲ್ಲಿ ದೊಡ್ಡದಾಗಿ ಬರೆದರೆ ಅದನ್ನು ಕನ್ನಡದ ಒಂಬತ್ತು ಅಂದುಕೊಂಡುಬಿಡುತ್ತದೆ. ಉದ್ದದ ಬರಹಕ್ಕೆ ಕೀಲಿಮಣೆಯೇ ಸರಿ, ನಾಲ್ಕು ಸಾಲಿನ ಉತ್ತರಕ್ಕೆ ಪೆನ್ ಸಾಕು.

ಪೆನ್ ಇರುವ ಫೋನುಗಳನ್ನು ಜನ ತಮಾಷೆ ಮಾಡಿದ ಕಾಲವೂ ಇತ್ತು. 2007ರಲ್ಲಿ ಐಫೋನ್ ತೋರಿಸುವಾಗ ಆಪಲ್‌ನ ಸ್ಟೀವ್ ಜಾಬ್ಸ್ ಸ್ಟೈಲಸ್ (ಪರದೆಯ ಮೇಲೆ ಬರೆಯುವ ಪೆನ್) ಯಾರಿಗೆ ಬೇಕು ಅಂತ ಗೇಲಿ ಮಾಡಿದ್ದರು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಇಷ್ಟು ದೊಡ್ಡದನ್ನು ಕಿವಿಗೆ ಹಿಡಿಯುವುದು ಹೇಗೆ ಅಂತ ನಕ್ಕವರಿದ್ದರು. ಈಗ ಆರೂವರೆ ಇಂಚಿನ ಫೋನ್ ಸಾಮಾನ್ಯ ಸೈಜು.

ಸರಿ, ಬಲಗಡೆಯ ಕಥೆಗೆ ಬರೋಣ. ಕೊಂಡ ಹೊಸದರಲ್ಲಿ ಏನೂ ತೊಂದರೆ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಬಲ ಅಂಚಿಗೆ ಎಳೆದ ಗೆರೆ ಮಧ್ಯೆ ಕಡಿದುಹೋಗಲು ಶುರುವಾಯಿತು. ಕರಡು ತಿದ್ದುವವರಿಗೆ ಅಂಚೇ ಜೀವ. ಗುರುತುಗಳೆಲ್ಲ ಬೀಳುವುದು ಅಲ್ಲೇ. 'ಳ' ಬರೆಯಲು ಹೋದರೆ ಅರ್ಧ 'ಳ', ಉಳಿದದ್ದು ಬೇರೆಲ್ಲೋ ಒಂದು ಚುಕ್ಕೆ. ಪೆನ್ ತುದಿಯನ್ನು ಗಾಜಿಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದರೆ ಕೆಳಗೆ ಒಂದು ಸಣ್ಣ ಚುಕ್ಕೆ ಕಾಣುತ್ತದಲ್ವಾ, ಅದು ಆ ಜಾಗಕ್ಕೆ ಬಂದ ತಕ್ಷಣ ಪಕ್ಕಕ್ಕೆ ಜಾರುತ್ತಿತ್ತು, ಇಲ್ಲವೇ ಮಾಯವಾಗುತ್ತಿತ್ತು.

ಎಲ್ಲರೂ ಮಾಡುವುದನ್ನೆಲ್ಲ ಮಾಡಿದೆ. ಆಫ್ ಮಾಡಿ ಆನ್ ಮಾಡಿದೆ. ಪೆನ್ನಿನ ತುದಿ ಸವೆದಿರಬಹುದು ಅಂತ ಡಬ್ಬಿಯಲ್ಲಿ ಬಂದಿದ್ದ ಚಿಮಟದಿಂದ ಹಳೆಯ ತುದಿ ಕಿತ್ತು ಹೊಸದು ಹಾಕಿದೆ. ಸೇಫ್ ಮೋಡಿನಲ್ಲಿ, ಅಂದರೆ ನಾನು ಹಾಕಿಕೊಂಡ ಆಪ್‌ಗಳನ್ನೆಲ್ಲ ನಿಲ್ಲಿಸಿ, ಓಡಿಸಿದೆ. ಸ್ಕ್ರೀನ್ ಗಾರ್ಡ್ ಕಿತ್ತೆ. ಕೊನೆಗೆ ಎಲ್ಲ ಬ್ಯಾಕಪ್ ಮಾಡಿ ಫ್ಯಾಕ್ಟರಿ ರಿಸೆಟ್ಟೂ ಆಯಿತು. ರಿಸೆಟ್ ಆದ ಮೇಲೆ ಮೇಜಿನ ಮೇಲಿಟ್ಟು ಬರೆದು ನೋಡಿದರೆ ಸರಿಯಾಗಿದೆ! ಮಾರನೆಯ ದಿನ ಕೈಯಲ್ಲಿ ಹಿಡಿದು ಕೂತರೆ ಮತ್ತೆ ಅದೇ ಹಾಡು.

ಸರ್ವಿಸ್ ಸೆಂಟರಿನವರು ಕವರ್ ಬಿಚ್ಚಿ, ಪರದೆ ಒರೆಸಿ, ಪೆನ್ನಿಂದ ಮೂಲೆಮೂಲೆಗೂ ಗೆರೆ ಎಳೆದರು. ಎಲ್ಲ ಸರಿ ಇತ್ತು. 'ಏನೂ ಪ್ರಾಬ್ಲಮ್ ಕಾಣ್ತಿಲ್ವಲ್ಲ' ಅಂದರು. ಇದೆ ಅಂದೆ. ಹಾಗಿದ್ದರೆ ಡಿಸ್‌ಪ್ಲೇ ಬದಲಾಯಿಸಿ ನೋಡಬಹುದು ಅಂತ ಒಂದು ಮೊತ್ತ ಹೇಳಿದರು. ಆ ದುಡ್ಡಿಗೆ ಪೆನ್ ಇಲ್ಲದ ಒಂದು ಹೊಸ ಫೋನೇ ಬರುತ್ತದೆ. ಏನೂ ಕೆಟ್ಟಿಲ್ಲ ಅಂತ ಅವರೇ ಹೇಳಿದ ಮೇಲೆ ಅಷ್ಟು ದುಬಾರಿ ಭಾಗ ಬದಲಾಯಿಸಲು ಹೊರಟದ್ದು ನೋಡಿ ಸಿಟ್ಟು ಬಂತು. ಫೋನ್ ಎತ್ತಿಕೊಂಡು ಬಂದೆ.

ಆಮೇಲೆ ಯೋಚಿಸಿದ್ದು ಒಂದೇ: ಮೇಜಿನ ಮೇಲೆ ಸರಿ, ಅಂಗಡಿಯಲ್ಲಿ ಸರಿ, ಕೈಯಲ್ಲಿ ಮಾತ್ರ ಯಾಕಿಲ್ಲ? ವ್ಯತ್ಯಾಸ ಇದ್ದದ್ದು ಕವರಿನಲ್ಲಿ. ನನ್ನದು ಪುಸ್ತಕದ ಹಾಗೆ ತೆರೆಯುವ ಫ್ಲಿಪ್ ಕವರ್. ಮುಚ್ಚಿದಾಗ ತೆರೆದುಕೊಳ್ಳದಿರಲಿ ಅಂತ ಒಂದು ಪಟ್ಟಿ, ಅದರ ತುದಿಯಲ್ಲಿ ಬಟ್ಟೆಯೊಳಗೆ ಹೊಲಿದ ಮ್ಯಾಗ್ನೆಟ್. ಕೈಯಲ್ಲಿ ಹಿಡಿಯುವಾಗ ಮುಂದಿನ ಹೊದಿಕೆಯನ್ನು ಹಿಂದಕ್ಕೆ ಮಡಚುತ್ತೇನೆ. ಆಗ ಆ ಮ್ಯಾಗ್ನೆಟ್ ಬಂದು ಕೂರುವುದು ಸರಿಯಾಗಿ ಬಲ ಅಂಚಿನ ಬೆನ್ನಿಗೆ. ಮೇಜಿನ ಮೇಲೆ ಹೊದಿಕೆ ಬಿಚ್ಚಿಕೊಂಡು ಪಕ್ಕಕ್ಕೆ ಬಿದ್ದಿರುತ್ತದೆ.

ಫೋನನ್ನು ಕವರಿನಿಂದ ಹೊರತೆಗೆದೆ. ಚಿತ್ರ ಬರೆಯುವ ಆಪ್ ತೆರೆದು, ಸ್ಕೇಲು ಇಟ್ಟು, ಮೂಲೆಯಿಂದ ಮೂಲೆಗೆ ಓರೆಯಾಗಿ ನಿಧಾನಕ್ಕೆ ಗೆರೆಗಳನ್ನು ಎಳೆದೆ. ಎಲ್ಲ ನೆಟ್ಟಗೆ. ಈಗ ಕವರಿನ ಪಟ್ಟಿಯನ್ನು ಫೋನಿನ ಬೆನ್ನಿಗೆ ನಡುಮಧ್ಯೆ ಒತ್ತಿ ಹಿಡಿದು ಮತ್ತೆ ಎಳೆದೆ. ನಡುವೆ ಬಂದದ್ದೇ ಗೆರೆ ಹೊಟ್ಟೆ ಉಬ್ಬಿಸಿಕೊಂಡು ಬಾಗಿ, ಕಡಿದು, ಆಚೆ ಕಡೆ ಮತ್ತೆ ನೆಟ್ಟಗಾಯಿತು. ಪಟ್ಟಿಯನ್ನು ಮೇಲಕ್ಕೆ ಸರಿಸಿದರೆ ಬರೆಯದ ಜಾಗವೂ ಮೇಲಕ್ಕೆ ಹೋಯಿತು. ಕೆಳಗೆ ತಂದರೆ ಕೆಳಗೆ. ಸಿಟ್ಟೆಲ್ಲ ಇಳಿದು ಸ್ವಲ್ಪ ಹೊತ್ತು ಅದನ್ನೇ ಆಟ ಆಡುತ್ತ ಕೂತೆ.

ಕಾರಣ ಸರಳ. ಈ ಪೆನ್ನುಗಳು ಕೆಲಸ ಮಾಡುವುದು ಕಾಂತಕ್ಷೇತ್ರದಿಂದ. ಪರದೆಯ ಕೆಳಗೆ ಸಣ್ಣ ಸಣ್ಣ ತಂತಿ ಸುರುಳಿಗಳ ಒಂದು ಹಾಳೆ ಇರುತ್ತದೆ. ಅದು ಬಿಡುವ ಅಲೆಯನ್ನು ಪೆನ್ನಿನೊಳಗಿನ ಸುರುಳಿ ಹಿಡಿದು, ಬೆಟ್ಟಕ್ಕೆ ಕೂಗಿದ ಕೂಗು ತಿರುಗಿ ಬರುವ ಹಾಗೆ, ವಾಪಸ್ ಕಳಿಸುತ್ತದೆ. ಯಾವ ಸುರುಳಿಗೆ ಜೋರಾಗಿ ಕೇಳಿಸಿತೋ ಅಲ್ಲಿ ಪೆನ್ ಇದೆ ಅಂತ ಫೋನ್ ಲೆಕ್ಕ ಹಾಕುತ್ತದೆ. ಅದಕ್ಕೇ ಬರೆಯಲು ಪೆನ್ನಿಗೆ ಬ್ಯಾಟರಿ ಬೇಕಿಲ್ಲ, ಬರೀ ಬೆರಳಿಟ್ಟರೆ ಅದು ಪೆನ್ ಅಂತ ಮೋಸ ಹೋಗುವುದೂ ಇಲ್ಲ. ವಾಕಮ್ ಕಂಪನಿಯ ಚಿತ್ರ ಬರೆಯುವ ಹಲಗೆಗಳಲ್ಲಿ ಇರುವುದೂ ಇದೇ ವಿದ್ಯೆ. ಆ ಹಾಳೆಯ ಹಿಂದೆ ಅಲೆ ಆಚೆ ಸೋರದ ಹಾಗೆ ಒಂದು ಕಾಂತ ತಡೆ ಇರುತ್ತದೆ. ಬಲವಾದ ಮ್ಯಾಗ್ನೆಟ್ ತೀರಾ ಹತ್ತಿರ ಬಂದರೆ ಆ ತಡೆ ಅಷ್ಟು ಜಾಗದಲ್ಲಿ ಕೈಚೆಲ್ಲುತ್ತದೆ, ಫೋನಿನ ಲೆಕ್ಕ ತಪ್ಪುತ್ತದೆ. ನನ್ನ ಫೋನಿನಲ್ಲಿ ಮ್ಯಾಗ್ನೆಟ್ ತೆಗೆದ ತಕ್ಷಣ ಎಲ್ಲ ಮೊದಲಿನಂತಾಯಿತು. ಬೆನ್ನಲ್ಲಿ ಮ್ಯಾಗ್ನೆಟ್ ಉಂಗುರ ಇರುವ ವೈರ್‌ಲೆಸ್ ಚಾರ್ಜಿಂಗ್ ಕವರುಗಳು, ಕಾರಿನ ಮ್ಯಾಗ್ನೆಟ್ ಸ್ಟ್ಯಾಂಡಿಗೆ ಅಂತ ಅಂಟಿಸುವ ಬಿಲ್ಲೆಗಳು, ಇವೂ ಇದೇ ಕಾಟ ಕೊಡಬಹುದು. ಮಾಮೂಲಿ ಟಚ್ ಪರದೆಗೆ ಬೆರಳಿನ ಬದಲು ಬಳಸುವ ಸಾದಾ ಸ್ಟೈಲಸ್‌ಗೆ ಈ ತೊಂದರೆ ಇಲ್ಲ, ಆದರೆ ಗೆರೆ ದಪ್ಪ ತೆಳು ಆಗುವ ಸುಖವೂ ಇಲ್ಲ.

ನನ್ನ ತಕರಾರು ಇಷ್ಟೇ. ಆ ಕವರಿನ ಡಬ್ಬಿಯ ಮೇಲೆ ನನ್ನ ಫೋನಿನ ಮಾಡೆಲ್ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಪೆನ್ ಎಳೆಯಲು ಕೆಳಗೆ ತೂತನ್ನೂ ಕೊರೆದಿದ್ದರು. ಪೆನ್ ಇದೆ ಅಂತ ಗೊತ್ತಿದ್ದೂ ಮ್ಯಾಗ್ನೆಟ್ಟನ್ನು ಅಲ್ಲಿ ಇಟ್ಟವರಿಗೆ ಏನು ಹೇಳುವುದು? ದಿನಕ್ಕೆ ಹತ್ತಾರು ಫೋನ್ ನೋಡುವ ರಿಪೇರಿಯವರಾದರೂ 'ಕವರ್ ಹಾಕಿ ತೋರಿಸಿ' ಅಂತ ಒಂದು ಮಾತು ಕೇಳಬಹುದಿತ್ತು.

ಈಗ ಹಾಕಿರುವುದು ಸಾದಾ ಮೆದು ಪ್ಲಾಸ್ಟಿಕ್ ಕವರ್. ಬಲ ಅಂಚು ಅಚ್ಚುಕಟ್ಟಾಗಿ ಬರೆಯುತ್ತಿದೆ. ಉಳಿದ ಕಿರಿಕಿರಿಗಳು ಸಣ್ಣವು. ಅಗ್ಗದ ಚಾರ್ಜರ್ ಸಿಕ್ಕಿಸಿಕೊಂಡು ಬಳಸಿದರೆ ಬೆರಳಿನ ಟಚ್ ಕುಣಿದಾಡುತ್ತದೆ. ಒಳ್ಳೆಯ ಚಾರ್ಜರ್‌ನಲ್ಲಿ ಆಗುವುದಿಲ್ಲ. ಪೆನ್ ಪರದೆಯ ಹತ್ತಿರ ಇದ್ದಾಗ ಬೆರಳು ಕೆಲಸ ಮಾಡದಿದ್ದರೆ ಗಾಬರಿ ಬೇಡ, ಅಂಗೈ ಗೀಚದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಒಂದೇ ಕೈಯಲ್ಲಿ ಹಿಡಿದು ಮೇಲಿನ ಮೂಲೆ ಮುಟ್ಟಲು ನನ್ನ ಹೆಬ್ಬೆರಳಿಗೆ ಇವತ್ತಿಗೂ ಆಗಿಲ್ಲ. ಮಲಗಿ ಓದುವಾಗ ಕೈಜಾರಿ ಮೂಗಿನ ಮೇಲೆ ಬಿದ್ದರೆ ತೂಕ ಎಷ್ಟು ಅಂತ ಚೆನ್ನಾಗಿ ಗೊತ್ತಾಗುತ್ತದೆ.

ದಿನಾ ಬರೆಯುವ, ತಿದ್ದುವ, ಗೀಚುವ ಕೆಲಸ ಇದ್ದರೆ ಮಾತ್ರ ಕೊಳ್ಳಿ. ವಾರಕ್ಕೊಮ್ಮೆ ಸಹಿ ಹಾಕಲು ಇಷ್ಟು ದುಡ್ಡು ದಂಡ. ಫೋನಿಗೆ ನನ್ನ ಕಡೆಯಿಂದ ನಾಲ್ಕು ಸ್ಟಾರ್. ಆ ಕವರಿಗೆ ಒಂದು, ಅದೂ ಬಣ್ಣ ಚೆನ್ನಾಗಿತ್ತು ಅಂತ. ನೀವು ಕವರ್ ತರಲು ಹೋದರೆ ಜೇಬಿನಲ್ಲಿ ಒಂದು ಗುಂಡುಪಿನ್ನು ಇರಲಿ. ಕವರಿನ ಮೇಲೆಲ್ಲ ಸುಮ್ನೆ ಒಮ್ಮೆ ಆಡಿಸಿ, ಎಲ್ಲಾದರೂ ಅಂಟಿಕೊಂಡರೆ ಆ ಕವರನ್ನು ಅಲ್ಲೇ ಬಿಟ್ಟು ಬನ್ನಿ.