ಪೆಟ್ಟಿಗೆಯ ಮೇಲೆ 25, ಬಚ್ಚಲಲ್ಲಿ 8: ಎಕ್ಸಾಸ್ಟ್ ಫ್ಯಾನುಗಳನ್ನು ಅಳೆದು ನೋಡಿದಾಗ

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಮ್ಮ ಬಚ್ಚಲುಮನೆಗೆ ಕಿಟಕಿ ಇಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮೂಲೆಯಲ್ಲೆಲ್ಲ ಕಪ್ಪು ಬೂಷ್ಟು ಹಿಡಿಯಿತು. ಮಗಳಿಗೆ ಕೆಮ್ಮು ಬೇರೆ. ಫ್ಯಾನ್ ಇತ್ತು, ತಿರುಗುತ್ತಲೂ ಇತ್ತು. ಎಷ್ಟು ಗಾಳಿ ಹೊರಗೆ ಹೋಗುತ್ತಿದೆ ಅಂತ ಮಾತ್ರ ಯಾರೂ ಅಳೆದಿರಲಿಲ್ಲ.

ಇಲ್ಲಿನ ಕಟ್ಟಡ ನಿಯಮಗಳಲ್ಲಿ ಗಾಳಿಯಾಟಕ್ಕೆಂದೇ ‘ಪಾರ್ಟ್ ಎಫ್’ ಇದೆ. ಬೇಕಾದಾಗ ಹಾಕುವ ಫ್ಯಾನ್ ಆದರೆ ಬಚ್ಚಲಿನಿಂದ ಸೆಕೆಂಡಿಗೆ 15 ಲೀಟರ್ ಗಾಳಿ ಎಳೆಯಬೇಕು. ಕಿಟಕಿ ಇಲ್ಲದ ಕಡೆ ಬಳಸಿ ಬಂದ ಮೇಲೂ 15 ನಿಮಿಷ ಓಡಬೇಕು. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಗಂಟೆಗೆ ಇಷ್ಟು ಘನ ಮೀಟರ್ ಅಂತಿರುತ್ತದೆ. ಅದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿನ ಲೀಟರ್ ಲೆಕ್ಕ ಸಿಗುತ್ತದೆ. ನಮ್ಮದರ ಮೇಲೆ 90 ಇತ್ತು, ಅಂದರೆ 25. ಧಾರಾಳವಾಯಿತು ಅಲ್ವಾ?

ಫ್ಯಾನಿಗೆ ಟಿಶ್ಯೂ ಅಂಟಿಕೊಂಡರೆ ಸರಿಯಿದೆ ಅನ್ನುತ್ತಾರೆ. ನಮ್ಮದಕ್ಕೂ ಅಂಟಿಕೊಂಡಿತು. ಗಾಳಿಯ ವೇಗ ಅಳೆಯುವ ಸಣ್ಣ ಮೀಟರ್ ತಂದು, ರಟ್ಟಿನ ಆಲಿಕೆ ಮಾಡಿ ಹಿಡಿದೆ. ಬಾಯಿ 100 ಮಿ.ಮೀ. ಇದ್ದರೆ 15 ಲೀಟರಿಗೆ ಸೆಕೆಂಡಿಗೆ ಸುಮಾರು 1.9 ಮೀಟರ್ ವೇಗ ಬೇಕು. ನನಗೆ ಸಿಕ್ಕಿದ್ದು 1. ಅಂದರೆ ಬರೀ 8 ಲೀಟರ್! ಈ ಅಳತೆ ಸರ್ಟಿಫಿಕೇಟಿಗೆ ಆಗುವುದಿಲ್ಲ. ಒಂದನ್ನೊಂದು ಹೋಲಿಸಲು ಸಾಕು.

ಹಳೆಯದಾಯಿತೇನೋ ಅಂತ ಅದೇ ಬಗೆಯ ಹೊಸ ಆಕ್ಸಿಯಲ್ ಫ್ಯಾನ್ (ರೆಕ್ಕೆ ತಿರುಗಿ ಗಾಳಿಯನ್ನು ನೇರ ಮುಂದಕ್ಕೆ ತಳ್ಳುವಂಥದ್ದು) ಹಾಕಿಸಿದೆ. 9 ಬಂತು. ಆಗಲೇ ಅಟ್ಟ ಹತ್ತಿದ್ದು. ಐದು ಮೀಟರ್ ಸುಕ್ಕು ಸುಕ್ಕು ಪೈಪು, ನಡುವೆ ಜೋತು ಬಿದ್ದಿತ್ತು. ಆ ಜೋಲಿಯಲ್ಲಿ ಒಂದು ಲೋಟದಷ್ಟು ನೀರು! ಅಟ್ಟದ ಚಳಿಗೆ ಹಬೆ ಅಲ್ಲೇ ನೀರಾಗಿ ನಿಂತಿತ್ತು. ಇದನ್ನು ಹಾಕಿದವರ ಮೇಲೆ ಸಿಟ್ಟು ಬಂದದ್ದು ನಿಜ. ಪೆಟ್ಟಿಗೆಯ ಮೇಲಿನ 25 ಪೈಪೇ ಇಲ್ಲದೆ ಅಳೆದದ್ದು. ಉದ್ದ ಪೈಪು ಒಡ್ಡುವ ಎದುರೊತ್ತಡ ತಡೆಯುವ ಶಕ್ತಿ ಆಕ್ಸಿಯಲ್ ಫ್ಯಾನಿಗೆ ಕಡಿಮೆ. ಗೋಡೆಯಿಂದ ನೇರ ಹೊರಗೆ ಬಿಡುವುದಾದರೆ ಅದು ಒಳ್ಳೆಯದೇ, ಅಗ್ಗ ಕೂಡ.

ಸುಕ್ಕು ಪೈಪು ಕಿತ್ತು ಗಟ್ಟಿ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಹೊರಗಡೆಗೆ ಇಳಿಜಾರು ಕೊಟ್ಟು, ಮೇಲೆ ಚಳಿ ತಾಗದ ಹಾಗೆ ಸುತ್ತಿಸಿದೆವು. ಅದೇ ಫ್ಯಾನ್ ಈಗ 13. ಫ್ಯಾನ್ ಬದಲಿಸಿದಾಗ ಸಿಕ್ಕಿದ್ದು ಒಂದು ಲೀಟರ್, ಪೈಪು ಬದಲಿಸಿದಾಗ ನಾಲ್ಕು. ಆದರೂ 15 ಮುಟ್ಟಲಿಲ್ಲ.

ಆಮೇಲೆ ಸೆಂಟ್ರಿಫ್ಯೂಗಲ್ ಫ್ಯಾನ್ ನೋಡಿದೆವು. ಇದು ಗಾಳಿಯನ್ನು ಚಕ್ರದಿಂದ ಬದಿಗೆ ಎಸೆದು ಹೆಚ್ಚು ಒತ್ತಡದಲ್ಲಿ ತಳ್ಳುತ್ತದೆ. 17 ಬಂತು, ಪಾಸು. ಆದರೆ ಸದ್ದು ಜಾಸ್ತಿ. ಬಚ್ಚಲ ಪಕ್ಕದಲ್ಲೇ ಮಗಳು ಮಲಗುತ್ತಾಳೆ, ಹಾಗಾಗಿ ವಾಪಸ್ ಕೊಟ್ಟೆ. ಸದಾ ನಿಧಾನವಾಗಿ ಓಡುವ ಬಗೆಯ ಫ್ಯಾನನ್ನೂ ನೋಡಿದೆವು. ನಿಯಮದ ಪ್ರಕಾರ ಅದಕ್ಕೆ ಜೋರು ವೇಗದಲ್ಲಿ 8 ಲೀಟರ್ ಸಾಕು, ಆದರೆ ನಮ್ಮ ಉದ್ದ ಪೈಪಿನಲ್ಲಿ 6 ದಾಟಲಿಲ್ಲ. ಕೆಳಗಿನ ಶೌಚಾಲಯಕ್ಕೆ ಬೇಕಾದದ್ದು 6. ಅಲ್ಲಿ ಹೊರಗೋಡೆ ಪಕ್ಕದಲ್ಲೇ ಇದೆ, ಅದನ್ನು ಅಲ್ಲಿಗೇ ಹಾಕಿಸಿದೆವು.

ಬಚ್ಚಲಿಗೆ ಕೊನೆಗೆ ಉಳಿದದ್ದು ಇನ್‌ಲೈನ್, ಅಂದರೆ ಪೈಪಿನ ನಡುವೆಯೇ ಕೂರುವ ಫ್ಯಾನ್. ಮೋಟರು ಅಟ್ಟದಲ್ಲಿ, ಚಾವಣಿಯಲ್ಲಿ ಕಾಣುವುದು ಬರೀ ಜಾಲರಿ. ನಿಧಾನ ವೇಗದಲ್ಲೇ 21, ಜೋರಿನಲ್ಲಿ 28. ಮರದ ತೊಲೆಗೆ ಸ್ಕ್ರೂ ಹೊಡೆದಾಗ ಮನೆಯೆಲ್ಲ ಗುಂಯ್ ಅನ್ನುತ್ತಿತ್ತು. ಪಟ್ಟಿಯಲ್ಲಿ ತೂಗುಹಾಕಿದ ಮೇಲೆ ಬಾಗಿಲ ಆಚೆ ಕೇಳುವುದೇ ಇಲ್ಲ. ಆಕ್ಸಿಯಲ್‌ನ ಮೂರು ಪಟ್ಟು ಬೆಲೆ ಕೊಟ್ಟೆ. ಉದ್ದ ಪೈಪಿರುವ ಮನೆಗೆ ನಾನು ಹೇಳುವುದು ಇದನ್ನೇ.

ಬಾಗಿಲ ಕೆಳಗೂ ನೋಡಿ. ಒಳಗೆ ಗಾಳಿ ಬರಲು 10 ಮಿ.ಮೀ. ಸಂದಿ ಬೇಕು. ನಮ್ಮಲ್ಲಿ ದಪ್ಪ ಕಾಲೊರೆಸು ಅದನ್ನು ಮುಚ್ಚಿದಾಗ 21 ಇದ್ದದ್ದು 16ಕ್ಕೆ ಇಳಿಯಿತು. ಈಗ ತೆಳು ಬಟ್ಟೆ ಹಾಸಿದ್ದೇವೆ.