ಮೆಟಲ್ ಡಿಟೆಕ್ಟರ್‌ಗೊಂದು ಪೆಟ್ಟಿಗೆ: ನಾಲ್ಕು ವರ್ಷ ಬಳಸಿದ ಮೇಲೆ

2021ರ ಅಕ್ಟೋಬರ್‌ನ ಒಂದು ಶನಿವಾರ ಪೂರ್ತಿ ನನ್ನ ಡಿಟೆಕ್ಟರ್ ಸುಳ್ಳು ಹೇಳಿತು. ಕಾಯಿಲನ್ನು, ಅಂದರೆ ನೆಲದ ಮೇಲೆ ಆಡಿಸುವ ತುದಿಯ ತಟ್ಟೆಯನ್ನು, ಎಡಕ್ಕೆ ಬೀಸಿದಾಗೆಲ್ಲ ಕೂಗುತ್ತಿತ್ತು, ಬಲಕ್ಕೆ ತಂದರೆ ಸುಮ್ಮನಾಗುತ್ತಿತ್ತು. ಕೂಗಿದ ಕಡೆಯೆಲ್ಲ ಅಗೆದೆ, ಮಣ್ಣು ಬಿಟ್ಟರೆ ಬೇರೇನೂ ಸಿಗಲಿಲ್ಲ. ಸಂಜೆ ಮನೆಗೆ ತಂದು ದೀಪದ ಕೆಳಗೆ ಹಿಡಿದಾಗ ಗೊತ್ತಾಯಿತು: ಕೇಬಲ್ ಕಾಯಿಲ್‌ನೊಳಗೆ ಹೋಗುವ ಕುತ್ತಿಗೆಯ ಹತ್ತಿರ ಮೇಲಿನ ರಬ್ಬರ್ ಸೀಳಿ ಒಳಗಿನ ತಂತಿ ಕಾಣುತ್ತಿತ್ತು. ಕಾರಿನ ಡಿಕ್ಕಿಯಲ್ಲಿ ಡಿಟೆಕ್ಟರ್ ಬಟ್ಟೆಯ ಚೀಲದೊಳಗೆ ಮಲಗಿತ್ತು. ಅದರ ಮೇಲೆ ಸಲಿಕೆ, ಸಲಿಕೆಯ ಮೇಲೆ ಬೂಟು, ಬೂಟಿನ ಮೇಲೆ ಐದು ಲೀಟರಿನ ನೀರಿನ ಕ್ಯಾನು ಇಟ್ಟವನು ನಾನೇ.

ಹೊಸ ಕಾಯಿಲ್ ಕೊಂಡೆ, ಅದರ ಜೊತೆಗೇ ಒಂದು ಗಟ್ಟಿ ಪೆಟ್ಟಿಗೆಯನ್ನೂ ಕೊಂಡೆ. ಆ ಪೆಟ್ಟಿಗೆಗೆ ಈಗ ನಾಲ್ಕು ವರ್ಷ ತುಂಬಿದೆ. ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಉದ್ದ ಬಂದೂಕು ಇಡಲೆಂದು ಮಾಡುವ ಈ ಬಗೆಯ ಪ್ಲಾಸ್ಟಿಕ್ ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬೇರೆಬೇರೆ ಹೆಸರಿನಲ್ಲಿ ಸಿಗುತ್ತವೆ. ಮುಚ್ಚಳದ ಸುತ್ತ ರಬ್ಬರ್ ಗ್ಯಾಸ್ಕೆಟ್, ನಾಲ್ಕು ಲ್ಯಾಚ್, ಒಂದು ತುದಿಗೆ ಎರಡು ಚಕ್ರ, ಒಳಗೆ ಫೋಮ್. ನನಗೆ ಬಿದ್ದ ಬೆಲೆ 140 ಪೌಂಡ್. ಒಳಗಿನ ಹಾಸನ್ನು ಆಮೇಲೆ ಬದಲಿಸಿದ್ದಕ್ಕೆ ಇನ್ನೂ 40 ಪೌಂಡ್ ಹೋಯಿತು. ಆ 40 ಪೌಂಡೇ ಸಾರ್ಥಕವಾದ ಖರ್ಚು ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನಿರುವುದು ಇಂಗ್ಲೆಂಡಿನ ಸಫೊಕ್‌ನಲ್ಲಿ, ಊರು ಧಾರವಾಡ. ಇಲ್ಲಿ ಗೋಧಿ ಕೊಯ್ಲಾಗಿ ಮುಂದಿನ ಬಿತ್ತನೆಯಾಗುವವರೆಗೆ, ಅಂದರೆ ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ, ಹೊಲದೊಡೆಯರ ಒಪ್ಪಿಗೆ ಪಡೆದು ಕೂಳೆ ಹೊಲಗಳಲ್ಲಿ ಹುಡುಕುತ್ತೇನೆ. ನನ್ನ ಯಂತ್ರ ಗ್ಯಾರೆಟ್ ಏಸ್ 300ಐ. ತೂಕ ಒಂದೂಕಾಲು ಕೆಜಿ, 7x10 ಇಂಚಿನ ಮೊಟ್ಟೆಯಾಕಾರದ ಕಾಯಿಲ್, ನಾಲ್ಕು ಎಎ ಬ್ಯಾಟರಿ. ಕಾಯಿಲ್ ನೀರಿನಲ್ಲಿ ಮುಳುಗಿದರೂ ಏನಾಗದು, ಮೇಲಿನ ಕಂಟ್ರೋಲ್ ಬಾಕ್ಸ್‌ಗೆ ಮಾತ್ರ ನೀರು ತಾಗಕೂಡದು. ಪೆಟ್ಟಿಗೆಯ ವಿಚಾರದಲ್ಲಿ ಈ ಒಂದು ಸಂಗತಿ ಎಷ್ಟು ದೊಡ್ಡದು ಎಂಬುದು ತಡವಾಗಿ ತಿಳಿಯಿತು.

ಮೊದಲು ಅಳತೆಯ ಮಾತು. ಎಲ್ಲರೂ ಉದ್ದ ನೋಡುತ್ತಾರೆ, ಆಳ ಮರೆಯುತ್ತಾರೆ. ನಾನೂ ಮರೆತೆ. ಏಸ್ ಪೂರ್ತಿ ಜೋಡಿಸಿದಾಗ 1.06ರಿಂದ 1.29 ಮೀಟರ್ ಉದ್ದ, ಬಿಚ್ಚಿದರೆ ಮೂರು ತುಂಡು. 90 ಸೆಂ.ಮೀ. ಉದ್ದದ ಪೆಟ್ಟಿಗೆಯಲ್ಲಿ ಮೂರೂ ಆರಾಮಾಗಿ ಕೂರುತ್ತವೆ. ತೊಂದರೆ ಕೊಡುವುದು ಹಿಡಿಕೆಯ ತುಂಡು. ಅದು ಬಾಗಿಕೊಂಡಿದೆ, ಅದರ ಮೇಲೆ ಕಂಟ್ರೋಲ್ ಬಾಕ್ಸ್ ಇದೆ, ತುದಿಯಲ್ಲಿ ಮುಂಗೈ ಒರಗುವ ತೊಟ್ಟಿಲು ಇದೆ. ಹೇಗೆ ಮಲಗಿಸಿದರೂ ಯಾವುದೋ ಒಂದು ಮೂಲೆ ಮೇಲೆದ್ದೇ ಇರುತ್ತದೆ. ನಾನು ಮೊದಲು ತರಿಸಿದ ಪೆಟ್ಟಿಗೆಯ ಒಳ ಆಳ 10 ಸೆಂ.ಮೀ. ಮುಚ್ಚಳ ಒತ್ತಿದರೆ ಮುಚ್ಚುತ್ತಿತ್ತು. ಒತ್ತಿ ಮುಚ್ಚುವ ಪೆಟ್ಟಿಗೆ ಬಟ್ಟೆಚೀಲಕ್ಕಿಂತ ಕೆಟ್ಟದ್ದು, ಸಲಿಕೆ ಮಾಡುತ್ತಿದ್ದ ಕೆಲಸವನ್ನು ಮುಚ್ಚಳವೇ ಮಾಡುತ್ತದೆ. ಹಿಂದಿರುಗಿಸಿ 13 ಸೆಂ.ಮೀ. ಆಳದ್ದು ತರಿಸಿದೆ. ಕೊಳ್ಳುವ ಮೊದಲು ನಿಮ್ಮ ಡಿಟೆಕ್ಟರನ್ನು ಬಿಚ್ಚಿ ಹಳೆ ಪೇಪರ್ ಮೇಲೆ ಹಾಸಿ, ಎದ್ದು ನಿಂತ ಜಾಗದ ಎತ್ತರವನ್ನು ಸ್ಕೇಲ್ ನಿಲ್ಲಿಸಿ ಅಳೆಯಿರಿ. ಮೇಲೆ ಕೆಳಗೆ ಎರಡೆರಡು ಸೆಂ.ಮೀ. ಫೋಮ್‌ಗೆ ಸೇರಿಸಿ. ಮೈನ್‌ಲ್ಯಾಬ್ ಇಕ್ವಿನಾಕ್ಸ್ 900ರಂತೆ 61 ಸೆಂ.ಮೀ.ಗೆ ಮಡಚಿಕೊಳ್ಳುವ ಯಂತ್ರ ನಿಮ್ಮದಾದರೆ ಇಷ್ಟು ಉದ್ದದ ಪೆಟ್ಟಿಗೆಗೆ ದುಡ್ಡು ಸುರಿಯಲೇಬೇಡಿ.

ಈಗ ಫೋಮ್. ಪೆಟ್ಟಿಗೆಯ ಜೊತೆ ಬಂದದ್ದು ಚೌಕ ಚೌಕವಾಗಿ ಕತ್ತರಿಸಿದ್ದ ಮೆತ್ತನೆಯ ಬೂದು ಫೋಮ್. ಬೇಕಾದ ಆಕಾರಕ್ಕೆ ಬೆರಳಿನಿಂದಲೇ ಕಿತ್ತು ತೆಗೆಯಬಹುದು. ಮೊದಲ ದಿನ ಅರ್ಧ ಗಂಟೆಯಲ್ಲಿ ಕೆಲಸ ಮುಗಿದು ಬಹಳ ಖುಷಿಯಾಯಿತು. ಆ ಖುಷಿ ಎರಡು ಚಳಿಗಾಲ ಬಾಳಿತು. ಚೌಕಗಳ ನಡುವಿನ ತೆಳು ಗೋಡೆಗಳು ಒಂದೊಂದಾಗಿ ಮುರಿದವು. ಅದಕ್ಕಿಂತ ಮುಖ್ಯವಾಗಿ, ಇದು ಪಾಲಿಯುರೆಥೇನ್. ಇದರ ರಂಧ್ರಗಳು ಒಂದಕ್ಕೊಂದು ತೆರೆದಿರುತ್ತವೆ, ಸ್ಪಂಜಿನಂತೆ ನೀರು ಕುಡಿಯುತ್ತದೆ. ಕಾಯಿಲ್‌ಗೆ ಅಂಟಿದ್ದ ಹಸಿ ಜೇಡಿಯ ನೀರನ್ನೆಲ್ಲ ಇದು ಹೀರಿಕೊಂಡು ದಿನಗಟ್ಟಲೆ ಹಿಡಿದಿಟ್ಟಿತು. ಮೂರನೆಯ ವರ್ಷದ ಹೊತ್ತಿಗೆ ಹಿಟ್ಟಿನಂತೆ ಉದುರತೊಡಗಿ, ಆ ಪುಡಿ ಹೆಡ್‌ಫೋನ್ ಚುಚ್ಚುವ ತೂತಿಗೂ ಸೇರಿತು.

ಸರಿಯಾದ ಹಾಸು ಯಾವುದೆಂದು ಕಂಡದ್ದು ಅಂಗಡಿಯಲ್ಲಲ್ಲ. ಇಲ್ಲಿ ಹೊಲದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸಲು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆ 1997ರಿಂದ ಇದೆ. ಅದರ ಅಧಿಕಾರಿಯೊಬ್ಬರಿಗೆ ಒಂದು ಹಳೆಯ ಬೆಳ್ಳಿ ಪೆನ್ನಿ ತೋರಿಸಲು ಹೋಗಿದ್ದೆ. ಅವರು ಎಳೆದ ಟ್ರೇಯಲ್ಲಿ ಒಂದೊಂದು ವಸ್ತುವೂ ಅದರದ್ದೇ ಆಕಾರಕ್ಕೆ ಕೊರೆದ ಫೋಮ್ ಗುಳಿಯಲ್ಲಿ ಕೂತಿತ್ತು. ಮುಟ್ಟಿದರೆ ಗಟ್ಟಿ, ಒತ್ತಿದರೆ ಸ್ವಲ್ಪ ಬಗ್ಗಿ ಮತ್ತೆ ಮೇಲೇಳುತ್ತದೆ. ಏನೆಂದು ಕೇಳಿದೆ. ಪ್ಲಾಸ್ಟಜೋಟ್, ಅಂದರೆ ಪಾಲಿಥೀನ್ ಫೋಮ್. ರಂಧ್ರಗಳು ಮುಚ್ಚಿರುವುದರಿಂದ ನೀರು ಒಳಗೆ ಹೋಗುವುದಿಲ್ಲ, ಲೋಹಕ್ಕೆ ಕೆಡುಕು ಮಾಡುವ ಆವಿಯೂ ಬರುವುದಿಲ್ಲ, ಆದ್ದರಿಂದಲೇ ವಸ್ತುಸಂಗ್ರಹಾಲಯಗಳಲ್ಲಿ ಅದನ್ನು ಬಳಸುತ್ತಾರೆ. 30 ಮಿ.ಮೀ. ದಪ್ಪದ ಹಾಳೆಗಳನ್ನು ತರಿಸಿದೆ.

ಕತ್ತರಿಸುವ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಒಂದೊಂದು ತುಂಡನ್ನೂ ಕಾಗದದ ಮೇಲಿಟ್ಟು ಅಂಚು ಗೀಚಿಕೊಂಡೆ. ಕಪ್ಪು ಫೋಮ್ ಮೇಲೆ ಪೆನ್ನು ಕಾಣುವುದಿಲ್ಲ, ಟೇಲರ್ ಸೀಮೆಸುಣ್ಣ ಚೆನ್ನಾಗಿ ಕಾಣುತ್ತದೆ. ಗೀಚಿದ ಗೆರೆಗಿಂತ ಅರ್ಧ ಸೆಂ.ಮೀ. ಒಳಗೆ ಕತ್ತರಿಸಬೇಕು, ಆಗ ಫೋಮ್ ತಾನಾಗಿ ತುಂಡನ್ನು ಹಿಡಿದುಕೊಳ್ಳುತ್ತದೆ. ಬ್ರೆಡ್ ಕುಯ್ಯುವ ಉದ್ದನೆಯ ಗರಗಸದ ಚಾಕು ಸಾಕು. ಒತ್ತದೆ, ನಿಧಾನವಾಗಿ ಎಳೆಯುತ್ತ ಹೋಗಬೇಕು. ಪ್ರತಿ ಗುಳಿಯ ಪಕ್ಕದಲ್ಲೂ ಎರಡು ಬೆರಳು ಇಳಿಯುವಷ್ಟು ಕಚ್ಚು ತೆಗೆಯಿರಿ. ಇಲ್ಲದಿದ್ದರೆ ಚಳಿಯಲ್ಲಿ ಮರಗಟ್ಟಿದ ಕೈಯಿಂದ ತುಂಡನ್ನು ಮೇಲೆತ್ತಲು ಕೇಬಲ್ ಹಿಡಿದೇ ಎಳೆಯುತ್ತೀರಿ. ಪದರಗಳನ್ನು ಗೋಂದಿನಿಂದ ಅಂಟಿಸಬೇಡಿ. ಬಿಡಿಬಿಡಿಯಾಗಿದ್ದರೆ ಹೊರತೆಗೆದು ತೊಳೆದು ಒಣಗಿಸಬಹುದು.

ಕಾಯಿಲ್‌ನ ಜಾಗವನ್ನು ಮೊದಲ ಸಲ ತಪ್ಪಾಗಿ ಕೊರೆದೆ. ಮೊಟ್ಟೆಯಾಕಾರಕ್ಕೆ ಸರಿಯಾಗಿ ಕೊರೆದು, ಕೇಬಲ್ ಹೊರಬರಲು ಒಂದು ನೇರ ಸೀಳು ಬಿಟ್ಟೆ. ಮುಚ್ಚಿದಾಗ ಕೇಬಲ್ ಅದೇ ಕುತ್ತಿಗೆಯಲ್ಲಿ, 2021ರಲ್ಲಿ ಸೀಳಿದ ಅದೇ ಜಾಗದಲ್ಲಿ, ಚೂಪಾಗಿ ಬಾಗುತ್ತಿತ್ತು. ಆಗ ನೆನಪಾದದ್ದು ಅಪ್ಪನ ತಬಲಾ. ಬಾಯಾ ನೆಲದ ಮೇಲೆ ಕೂರುವುದಿಲ್ಲ, ಸಿಂಬಿಯ ಮೇಲೆ ಕೂರುತ್ತದೆ. ಅಜ್ಜಿ ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದದ್ದೂ ಸಿಂಬಿಯ ಮೇಲೆಯೇ. ದುಂಡನೆಯದ್ದನ್ನು ಸುತ್ತಲಿಂದ ಹಿಡಿಯಬೇಕೇ ಹೊರತು ನಡುವಿನಿಂದ ಅಲ್ಲ. ಕಾಯಿಲ್‌ಗೆ ಫೋಮಿನದೇ ಒಂದು ಸಿಂಬಿ ಕತ್ತರಿಸಿದೆ. ಅಂಚು ಸಿಂಬಿಯ ಮೇಲೆ ನಿಲ್ಲುತ್ತದೆ, ನಡುವಿನ ಪೊಳ್ಳಿನಲ್ಲಿ ಕೇಬಲ್ ಸಡಿಲವಾಗಿ ಸುತ್ತಿಕೊಂಡು ಮಲಗುತ್ತದೆ, ಎಲ್ಲೂ ಮುಷ್ಟಿಗಿಂತ ಸಣ್ಣ ಸುತ್ತು ಇಲ್ಲ. ಅಂದಿನಿಂದ ಕೇಬಲ್‌ಗೆ ಒಂದು ಗೀರೂ ಬಿದ್ದಿಲ್ಲ.

ಪೆಟ್ಟಿಗೆಯ ಒಳಗಿನ ಜೋಡಣೆಯ ಬಗ್ಗೆ ಯೋಚಿಸುವಾಗ ಹಾಕ್ಸನ್ ನಿಧಿ ನೆನಪಾಗದೆ ಇರದು, ಅದೂ ಇದೇ ಸಫೊಕ್‌ನದು. 1992ರ ನವೆಂಬರ್‌ನಲ್ಲಿ ರೈತ ಸ್ನೇಹಿತನ ಕಳೆದ ಸುತ್ತಿಗೆಯನ್ನು ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದವರಿಗೆ ರೋಮನ್ ಕಾಲದ ಚಿನ್ನ ಬೆಳ್ಳಿಯ ಸುಮಾರು 15,000 ನಾಣ್ಯಗಳು ಸಿಕ್ಕವು. ಅವರು ಎಲ್ಲವನ್ನೂ ಬಗೆದು ಹಾಕದೆ ನಿಲ್ಲಿಸಿ ತಿಳಿಸಿದ್ದರಿಂದ ಪುರಾತತ್ವಜ್ಞರು ಬಂದು ಶಾಸ್ತ್ರೀಯವಾಗಿ ಅಗೆದರು. ಆದ್ದರಿಂದಲೇ ಓಕ್ ಮರದ ದೊಡ್ಡ ಪೆಟ್ಟಿಗೆ, ಅದರೊಳಗೆ ಸಣ್ಣ ಪೆಟ್ಟಿಗೆಗಳು, ಬಟ್ಟೆಯಲ್ಲಿ ಸುತ್ತಿಟ್ಟ ವಸ್ತುಗಳು ಹೀಗೆ ಜೋಡಿಸಿದ್ದ ಕ್ರಮ ಇಂದು ಗೊತ್ತಿದೆ. ಮರ ಮಣ್ಣಾಗಿತ್ತು, ಕ್ರಮ ಉಳಿದಿತ್ತು. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ತೇವದ ಕಥೆ ಇನ್ನೂ ಬಾಕಿ ಇದೆ. ಗ್ಯಾಸ್ಕೆಟ್ ಇರುವ ಪೆಟ್ಟಿಗೆ ಹೊರಗಿನ ಮಳೆಯನ್ನು ಒಳಗೆ ಬಿಡುವುದಿಲ್ಲ. ಅಷ್ಟೇ ನಿಷ್ಠೆಯಿಂದ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಕೊಂಡ ವರ್ಷದ ನವೆಂಬರ್‌ನಲ್ಲಿ ತುಂತುರು ಮಳೆಯಿಂದ ಬಂದವನು ಹಾಗೆಯೇ ಒಳಗಿಟ್ಟು ಲ್ಯಾಚ್ ಹಾಕಿ ಮಲಗಿದೆ. ಮೂರು ದಿನ ಬಿಟ್ಟು ತೆರೆದರೆ ಪರದೆಯ ಗಾಜಿನ ಒಳಮೈಗೆ ಹನಿ ಕಟ್ಟಿತ್ತು, ಬ್ಯಾಟರಿಯ ಸ್ಪ್ರಿಂಗ್ ಹಸಿರು ಹಿಡಿದಿತ್ತು. ಯಂತ್ರ ಉಳಿದದ್ದು ಅದೃಷ್ಟ. ಈಗ ಮನೆಗೆ ಬಂದ ರಾತ್ರಿ ಪೆಟ್ಟಿಗೆ ತೆರೆದೇ ಇರುತ್ತದೆ. ಬ್ಯಾಟರಿ ಹೊರಗೆ, ಮೂರೂ ತುಂಡು ಅಡುಗೆಮನೆಯ ಮೇಜಿನ ಮೇಲೆ. ಮರುದಿನ ಒಳಗಿಡುವಾಗ ಜೊತೆಗೆ ಎರಡು ಚೀಲ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ತೇವ ಕುಡಿದು ಹಸಿರಾದಾಗ ಕಾಳನ್ನು ಟ್ರೇಗೆ ಸುರಿದು ಓವನ್‌ನಲ್ಲಿ 120 ಡಿಗ್ರಿಗೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ.

2023ರ ಬೇಸಿಗೆಯಲ್ಲಿ ಅವ್ವ ಬಂದಿದ್ದಳು. ಪೆಟ್ಟಿಗೆ ನೋಡಿ, ‘ಏನೋ ಇದು, ತಂಬೂರಿ ಇಡೋ ಪೆಟಗಿ ಆಗೇತಲ್ಲ’ ಅಂದಳು. ಒಳಗಿನದನ್ನು ತೋರಿಸಿದಾಗ, ‘ಬರೇ ರಬ್ಬರ್ ಮ್ಯಾಲ ಇಟ್ಟೀಯಲ್ಲ, ಕೌದಿ ಹಾಸ್ಬೇಕಪಾ’ ಎಂದು ತಾನು ತಂದಿದ್ದ ಹಳೆಯ ಕೌದಿಯ ಒಂದು ಭಾಗವನ್ನು ಕತ್ತರಿಸಿ, ಅಂಚು ಮಡಚಿ ಹೊಲಿದುಕೊಟ್ಟಳು. ಒಂದು ತಿಂಗಳು ಒಳಗೆ ಹಾಸಿದೆ. ಹತ್ತಿ ಬಟ್ಟೆ ತೇವ ಹಿಡಿಯುತ್ತದೆ, ಸಿಲಿಕಾ ಎರಡೇ ದಿನಕ್ಕೆ ಹಸಿರಾಯಿತು. ಅವಳಿಗೆ ಹಾಗೆಂದು ಹೇಳಿದೆ, ‘ಹಂಗಾದ್ರ ಹೊರಗ ಬಳಸು’ ಅಂದಳು. ಈಗ ಹೊಲದ ಬದಿಯಲ್ಲಿ ಡಿಕ್ಕಿ ತೆರೆದ ಕೂಡಲೇ ಮೊದಲು ಹಾಸುವುದು ಅದನ್ನೇ. ಬಿಚ್ಚಿದ ತುಂಡುಗಳು ಅದರ ಮೇಲೆ ಕೂತು ಮಣ್ಣು ಒರೆಸಿಕೊಂಡ ಮೇಲೆಯೇ ಪೆಟ್ಟಿಗೆಗೆ ಹೋಗುತ್ತವೆ. ನನ್ನ ಇಡೀ ಸಾಮಾನಿನಲ್ಲಿ ಬದಲಿ ಸಿಗದ ವಸ್ತು ಅದೊಂದೇ.

ತೂಕದ ಬಗ್ಗೆ ಸುಳ್ಳು ಹೇಳಲಾರೆ. ಖಾಲಿ ಪೆಟ್ಟಿಗೆಯೇ ಏಳೂವರೆ ಕೆಜಿ, ತುಂಬಿದರೆ ಹತ್ತು ದಾಟುತ್ತದೆ. ಸಫೊಕ್‌ನ ಜೇಡಿಮಣ್ಣಿನಲ್ಲಿ ಚಕ್ರಗಳು ಹತ್ತು ಹೆಜ್ಜೆಗೆ ಕಟ್ಟಿಕೊಳ್ಳುತ್ತವೆ. ಪೆಟ್ಟಿಗೆ ಕಾರಿನಲ್ಲೇ ಉಳಿಯುತ್ತದೆ, ಹೊಲಕ್ಕೆ ಹೋಗುವುದು ಜೋಡಿಸಿದ ಡಿಟೆಕ್ಟರ್ ಮಾತ್ರ. ಬಸ್ಸು, ರೈಲಿನಲ್ಲಿ ಓಡಾಡುವವರಿಗೆ ಇದು ಬೇಡ. ಬೆನ್ನಿಗೆ ಹಾಕುವ ಬಟ್ಟೆಚೀಲಕ್ಕೇ ಅದೇ ಪಾಲಿಥೀನ್ ಫೋಮಿನ ಒಂದು ಹಾಳೆ ಒಳಗೆ ಸೇರಿಸಿಕೊಳ್ಳಿ, ಮುಕ್ಕಾಲು ರಕ್ಷಣೆ ಸಿಗುತ್ತದೆ. ಸಲಿಕೆ, ಗುದ್ದಲಿ ಯಾವ ಚೀಲದಲ್ಲೂ ಡಿಟೆಕ್ಟರ್ ಜೊತೆ ಇರಬಾರದು. ಸಿಕ್ಕ ವಸ್ತುಗಳಿಗೂ ಬೇರೆಯದೇ ಡಬ್ಬಿ ಇರಲಿ.

ವಿಮಾನದಲ್ಲಿ ಒಮ್ಮೆ ಒಯ್ದಿದ್ದೇನೆ, 2024ರಲ್ಲಿ ಡೆನ್ಮಾರ್ಕ್‌ಗೆ. ಹೊರ ಅಳತೆ 97, 41, 16 ಸೆಂ.ಮೀ., ಕೂಡಿಸಿದರೆ 154. ಹಲವು ವಿಮಾನ ಸಂಸ್ಥೆಗಳ ಮಿತಿ 158. ಇಂಥ ಪೆಟ್ಟಿಗೆಯನ್ನು ತಪಾಸಣೆಯವರು ತೆರೆದು ನೋಡುವುದು ಸಹಜ. ತೆರೆದವರು ಮತ್ತೆ ಸರಿಯಾಗಿ ಜೋಡಿಸಲಿ ಎಂದು ಮುಚ್ಚಳದ ಒಳಗೆ ಒಂದು ಫೋಟೋ ಅಂಟಿಸಿದ್ದೆ. ಅಲ್ಲಿ ತೆರೆದಾಗ ಎಲ್ಲವೂ ಫೋಟೋದಲ್ಲಿದ್ದ ಹಾಗೆಯೇ ಇತ್ತು. ಗಾಳಿಯ ಒತ್ತಡ ಸರಿದೂಗಿಸುವ ವಾಲ್ವ್ ಇರುವ ಪೆಟ್ಟಿಗೆಯನ್ನೇ ಕೊಳ್ಳಿ, ಅದಿಲ್ಲದಿದ್ದರೆ ಇಳಿದ ಮೇಲೆ ಮುಚ್ಚಳ ಹೀರಿ ಹಿಡಿದಂತಾಗುತ್ತದೆ. ಬಿಡಿ ಲಿಥಿಯಂ ಬ್ಯಾಟರಿ ಇದ್ದರೆ ಕೈಚೀಲದಲ್ಲಿ ಮಾತ್ರ.

‘ಊರಿಗೆ ಬರುವಾಗ ಅದನ್ನೂ ತಗೊಂಡು ಬಾ, ಹಳೇ ಗುಡಿ ಹತ್ತಿರ ನೋಡೋಣ’ ಎಂದು ಕೇಳಿದವರು ಮೂವರಾದರೂ ಇದ್ದಾರೆ. ತರುವುದಿಲ್ಲ. ಭಾರತದಲ್ಲಿ 1878ರ ನಿಧಿ ಕಾಯ್ದೆ ಇಂದಿಗೂ ಇದೆ: ಮಣ್ಣಿನಲ್ಲಿ ಸಿಕ್ಕ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರ್‌ಗೆ ತಿಳಿಸಲೇಬೇಕು. ಆದರೆ ನನ್ನನ್ನು ತಡೆಯುವುದು ಕಾಯ್ದೆಯೊಂದೇ ಅಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ಒಡೆದು ಹಾಕಿದ ಚಿತ್ರಗಳನ್ನು ಇಲ್ಲಿ ಕೂತು ನೋಡಿ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಯಂತ್ರದ ಜೊತೆ ದಾಖಲಿಸುವ ವ್ಯವಸ್ಥೆಯೂ ಬರಬೇಕು, ಅದಿಲ್ಲದ ಕಡೆ ಈ ಪೆಟ್ಟಿಗೆ ತೆರೆಯುವುದಿಲ್ಲ.

ನಾಲ್ಕು ವರ್ಷದಲ್ಲಿ ಪೆಟ್ಟಿಗೆಯಲ್ಲೇ ಕೆಟ್ಟದ್ದು ಒಂದು ಲ್ಯಾಚ್. ಅದರ ಪಿನ್ ಕಳೆದ ಚಳಿಗಾಲ ಜಾರಿಬಿತ್ತು. ಮಾರಿದವರಿಗೆ ಬರೆದರೆ ಬಿಡಿಭಾಗ ಕೊಡುವುದಿಲ್ಲ, ಪೂರ್ತಿ ಪೆಟ್ಟಿಗೆ ಕೊಳ್ಳಿ ಎಂದರು. ಸೈಕಲ್ ಅಂಗಡಿಯಲ್ಲಿ ಸಿಕ್ಕ ಸ್ಟೀಲ್ ಕಡ್ಡಿಯನ್ನು ಅಳತೆಗೆ ಕತ್ತರಿಸಿ ಹಾಕಿದ್ದೇನೆ, ಬಿಗಿಯಾಗಿ ಕೂತಿದೆ. ನೀವು ಕೊಳ್ಳುವ ಮೊದಲು ಲ್ಯಾಚ್ ಮತ್ತು ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.