ಅಜ್ಜನ ಎಂಜಿ ಕಾರಿಗೆ ಬೆಂಕಿ ಬಿತ್ತು: ಎರಡು ಕಾರ್ಬೊರೇಟರ್ ಇರುವ ಹಳೇ ಕಾರಿನವರು ಒಮ್ಮೆ ಓದಿ

ಕಳೆದ ನವೆಂಬರ್‌ನ ಒಂದು ಭಾನುವಾರ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ನಾಯಂಡಹಳ್ಳಿ ಹತ್ತಿರ ಟ್ರಾಫಿಕ್ ನಿಂತಿತ್ತು. ಹೆಂಡತಿ ಕೇಳಿದಳು, "ಪೆಟ್ರೋಲ್ ವಾಸನೆ ಜಾಸ್ತಿ ಬರ್ತಿದೆ ಅಲ್ವಾ?" ನಾನು ಹೇಳಿದ್ದು: "ಹಳೇ ಕಾರು ಕಣೆ, ಹೀಗೇ ಇರತ್ತೆ."

ಆ ಮಾತು ಮುಗಿದು ಎರಡು ನಿಮಿಷ ಆಗಿರಲಿಲ್ಲ. ಬಾನೆಟ್ ಪಕ್ಕದ ಸೀಳುಗಳಿಂದ ಹೊಗೆ ಬಂತು, ಹಿಂದೆಯೇ ಬಣ್ಣ ಸುಟ್ಟ ವಾಸನೆ. ಇಗ್ನಿಷನ್ ಆಫ್ ಮಾಡಿ ಇಬ್ಬರೂ ಕೆಳಗೆ ಹಾರಿದೆವು. ಪಕ್ಕದ ಎಳನೀರು ಗಾಡಿಯವರು ಪಾಪ ಬಕೆಟ್‌ನಲ್ಲಿ ನೀರು ಹಿಡಿದು ಓಡಿ ಬಂದರು. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಜೊತೆ ಹರಿದು ಹರಡುತ್ತದೆ. "ಬೇಡ ಅಣ್ಣ, ಬೇಡ" ಅಂತ ಕೂಗಿದೆ. ನನ್ನ ಹತ್ತಿರ ಬೆಂಕಿ ಆರಿಸುವ ಒಂದು ಕೆಜಿಯ ಪುಡಿ ಸಿಲಿಂಡರ್ ಇತ್ತು. ಎಲ್ಲಿತ್ತು? ಸೀಟಿನ ಹಿಂದೆ, ಬ್ಯಾಗಿನ ಕೆಳಗೆ, ಅದರ ಮೇಲೊಂದು ಛತ್ರಿ. ಹುಡುಕಿ ತೆಗೆಯುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು. ಬಾನೆಟ್ ಅಂಗೈ ಅಗಲ ಎತ್ತಿ ಆ ಸಂದಿಯಿಂದಲೇ ಹೊಡೆದೆ. ಪೂರ್ತಿ ಎತ್ತಿದ್ದರೆ ಗಾಳಿ ಸಿಕ್ಕಿ ಮುಖಕ್ಕೇ ಬರುತ್ತಿತ್ತು.

ಬೆಂಕಿ ಆರಿತು. ವೈರಿಂಗ್ ಕರಗಿತ್ತು, ಬಾನೆಟ್ಟಿನ ಒಂದು ಕಡೆ ಬಣ್ಣ ಗುಳ್ಳೆ ಎದ್ದಿತ್ತು, ನನ್ನ ಬಲಗೈ ಬೆರಳು ಸುಟ್ಟಿತ್ತು. ಆ ಬಿಳಿ ಪುಡಿ ಇನ್ನೊಂದು ಶನಿ. ತೇವ ಸೇರಿದರೆ ಅಲ್ಯೂಮಿನಿಯಂ ತಿನ್ನುತ್ತದೆ. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಸಾಮಾನು) ಪೂರ್ತಿ ಬಿಚ್ಚಿ ತೊಳೆಯಬೇಕಾಯಿತು.

ಕಾರಿನ ಬಗ್ಗೆ ಎರಡು ಮಾತು. ಎಂಜಿ ಎಂಬ ಬ್ರಿಟಿಷ್ ಕಂಪನಿಯ ಟಿಡಿ ಮಾದರಿ, 1951ರದ್ದು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಬಂದದ್ದು. 1250 ಸಿಸಿ ಎಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್, ಒಂದು ಮುಂದೆ ಒಂದು ಹಿಂದೆ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಅಜ್ಜ ಓಡಿಸಿದ ಗಾಡಿ. ಆಮೇಲೆ ಅಪ್ಪ ಅದಕ್ಕೆ ಟಾರ್ಪಾಲು ಹೊದಿಸಿ ಪೂಜೆ ಮಾಡಿದರು, ಅಷ್ಟೇ. ನಾನು ಬಸವನಗುಡಿಗೆ ತಂದು ಸ್ಟಾರ್ಟ್ ಮಾಡಿಸುವ ಹೊತ್ತಿಗೆ ಆರು ವರ್ಷ ಸುಮ್ನೆ ನಿಂತಿತ್ತು.

ಈ ಎಂಜಿನ್‌ನಲ್ಲಿ ಒಂದು ವಿಷಯ ನೆನಪಿರಲಿ. ಪೆಟ್ರೋಲ್ ಒಳಗೆ ಹೋಗುವ ಕಡೆ, ಹೊಗೆ ಹೊರಗೆ ಬರುವ ಕಡೆ ಎರಡೂ ಒಂದೇ ಪಕ್ಕ. ಕಾರ್ಬೊರೇಟರ್ ಮೇಲೆ, ಕೆಂಡದಂತೆ ಕಾಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯ ಕೊಳವೆ) ಕೆಳಗೆ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳ ಕತೆ ಇದೇ. ಓಡುವಾಗ ಗಾಳಿ ಬೀಸುತ್ತಿರುತ್ತದೆ, ಪರವಾಗಿಲ್ಲ. ಟ್ರಾಫಿಕ್‌ನಲ್ಲಿ ನಿಂತಾಗ ಒಲೆಯ ಮೇಲೆ ಎಣ್ಣೆ ತೊಟ್ಟಿಕ್ಕಿದ ಹಾಗೆ.

ಸೋರಿಕೆ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಬೆಂಕಿಗೆ ಎರಡು ತಿಂಗಳು ಮೊದಲೇ ಶೆಡ್ಡಿನಲ್ಲಿ ವಾಸನೆ ಬರುತ್ತಿತ್ತು. ಹಿಂದಿನ ಕಾರ್ಬೊರೇಟರ್ ಕೆಳಗೆ ಒದ್ದೆ. "ಹಳೇ ಗಾಡಿ ಸ್ಪೆಷಲಿಸ್ಟ್" ಅಂತ ಹೆಸರಿದ್ದ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ ಬಿಡಿ. ಅವರು ಒದ್ದೆ ನೋಡಿದರು, "ನೀಡಲ್ ಹೋಗಿದೆ ಸಾರ್" ಅಂದರು. ನೀಡಲ್ ಅಂದರೆ ಕಾರ್ಬೊರೇಟರ್ ಪಕ್ಕದ ಪೆಟ್ರೋಲ್ ಬಟ್ಟಲು ತುಂಬಿದಾಗ ದಾರಿ ಮುಚ್ಚುವ ಸಣ್ಣ ಮೊಳೆ. ಎರಡೂ ಕಡೆ ಅದನ್ನೂ ಅದು ಕೂರುವ ಸೀಟನ್ನೂ ಬದಲಾಯಿಸಿದರು. ಬಟ್ಟಲಿನ ಮುಚ್ಚಳಕ್ಕೆ ಪೆಟ್ರೋಲ್ ಪೈಪು ಸೇರಿಸುವ ಬಾಂಜೋ ಬೋಲ್ಟುಗಳನ್ನು ಕೈಯಲ್ಲಿದ್ದ ಬಲವೆಲ್ಲ ಹಾಕಿ ಬಿಗಿದರು. ಹಿಂದಿನದರ ಜೆಟ್ಟಿನ (ಪೆಟ್ರೋಲ್ ಮೇಲೆ ಬರುವ ಸಣ್ಣ ಕೊಳವೆಯ) ನಟ್ಟನ್ನೂ ತಿರುಗಿಸಿದರು. ಅಷ್ಟಾದರೂ ತೇವ ಕಂಡಾಗ ಅದರ ಸುತ್ತ ಸಿಲಿಕಾನ್ ಮೆತ್ತಿದರು. ಬಿಲ್ಲು 38,000 ರೂಪಾಯಿ.

"ಇನ್ನೂ ಸ್ವಲ್ಪ ವಾಸನೆ ಇದೆಯಲ್ಲಾ" ಅಂದರೆ ಉತ್ತರ ರೆಡಿ: "ಅದು ಇ20 ಸಾರ್, ಎಲ್ಲರಿಗೂ ಹಂಗೇ." 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರಲ್ಲ, ಆವತ್ತಿನಿಂದ ಕೆಲವು ಗ್ಯಾರೇಜುಗಳಿಗೆ ಎಲ್ಲದಕ್ಕೂ ಒಂದೇ ನೆಪ ಸಿಕ್ಕಿದೆ. ಎಥೆನಾಲ್ ಹಳೇ ರಬ್ಬರನ್ನು ಕೆಡಿಸುತ್ತದೆ, ನಿಜ. ನಮ್ಮ ಕಾರಿನ ಹೋಸ್ ಒಳಗಿಂದ ಮೆತ್ತಗಾಗಿತ್ತು, ಅದನ್ನು ಬದಲಾಯಿಸಲೇಬೇಕಿತ್ತು. ಆದರೆ ಕಾರಿಗೆ ಬೆಂಕಿ ಹಚ್ಚಿದ್ದು ಅದಲ್ಲ.

ಬೆಂಕಿ ಆದಮೇಲೆ ಅಪ್ಪ ಊರಿಗೆ ಫೋನ್ ಮಾಡಿದರು. ಅಜ್ಜನ ತೋಟದ ಜೀಪು, ಟ್ರ್ಯಾಕ್ಟರ್, ಈ ಎಂಜಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಇದ್ದಾರೆ. ಎಪ್ಪತ್ತೆಂಟು ವರ್ಷ. ಮಗಳ ಮನೆಗೆ ಬೆಂಗಳೂರಿಗೆ ಬಂದಾಗ ನಮ್ಮ ಮನೆಗೂ ಬಂದರು. ಅಷ್ಟರಲ್ಲಿ ನಾನು ವೈರಿಂಗ್ ತಾತ್ಕಾಲಿಕವಾಗಿ ಜೋಡಿಸಿ, ಹೋಸ್ ಬದಲಾಯಿಸಿ, ಕಾರ್ಬೊರೇಟರ್ ತೊಳೆದು ಮತ್ತೆ ಕೂರಿಸಿದ್ದೆ. ಬೇರೆ ಯಾವ ಸಾಮಾನೂ ಬದಲಾಯಿಸಿರಲಿಲ್ಲ.

ಅವರು ಸ್ಪಾನರ್ ಮುಟ್ಟಲಿಲ್ಲ. ಮೊದಲು ಕೇಳಿದ್ದು, "ಪಂಪು ಹೊಡೀತಿದ್ದಾಗ ಸೋರ್ತದಾ, ನಿಂತಾಗಲೂ ಸೋರ್ತದಾ?"

ನನಗೆ ಗೊತ್ತಿರಲಿಲ್ಲ. 38,000 ತಗೊಂಡವರೂ ಇದನ್ನು ಕೇಳಿರಲಿಲ್ಲ.

"ಅಲ್ಲ ಮಾರಾಯ್ರೆ, ಅಷ್ಟೂ ಗೊತ್ತಿಲ್ಲದೆ ಏನು ಬಿಚ್ಚಿದ್ದು?"

ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆವು. ಮೊದಲ ಪಾಠ ಅಲ್ಲೇ ಆಯಿತು. ನಮ್ಮ ಶೆಡ್ಡಿನ ನೆಲ ಹಿಂದಕ್ಕೆ ಇಳಿಜಾರು. ಮುಂದಿನ ಕಾರ್ಬೊರೇಟರ್‌ನಿಂದ ಬಿದ್ದದ್ದು ಮ್ಯಾನಿಫೋಲ್ಡ್ ಮೇಲೆ ಹರಿದು ಹಿಂದಿನದರ ಕೆಳಗೆ ಹನಿಯುತ್ತಿತ್ತು. ಎರಡು ತಿಂಗಳು ನಾನೂ ಗ್ಯಾರೇಜಿನವರೂ ಹಿಂದಿನದನ್ನೇ ಬೈದಿದ್ದೆವು.

ಎಲ್ಲವನ್ನೂ ಬಟ್ಟೆಯಲ್ಲಿ ಒರಸಿದರು. ಒಂದೊಂದು ಕಾರ್ಬೊರೇಟರ್ ಕೆಳಗೂ ಬೇರೆ ಬೇರೆ ನ್ಯೂಸ್‌ಪೇಪರ್. ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಲು ಹೇಳಿದರು. ಮನೆಯಲ್ಲಿ ಇರಲಿಲ್ಲ. "ವಿಭೂತಿ ಆದ್ರೂ ತನ್ನಿ." ವಿಭೂತಿ ಬಂತು. ಪೆಟ್ರೋಲ್ ಬೇಗ ಆರಿಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಣ ಪುಡಿಯ ಮೇಲೆ ಒಂದು ಹನಿ ಬಂದರೂ ಬಣ್ಣ ಬದಲಾಗುತ್ತದೆ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್. ಈ ಕಾರಿನ ಎಲೆಕ್ಟ್ರಿಕ್ ಪಂಪು ಟಕ್ ಟಕ್ ಅಂತ ಶಬ್ದ ಮಾಡುತ್ತದೆ. ಎರಡೂ ಬಟ್ಟಲು ತುಂಬಿದ ಮೇಲೆ ನೀಡಲ್ ಮುಚ್ಚಿ, ಪಂಪು ತಾನೇ ನಿಲ್ಲಬೇಕು. ನಮ್ಮದು ನಿಲ್ಲಲೇ ಇಲ್ಲ. ಎಂಜಿನ್ ಓಡದಿದ್ದರೂ ಪಂಪು ಹೊಡೆಯುತ್ತಿದೆ ಅಂದರೆ ಪೆಟ್ರೋಲ್ ಎಲ್ಲೋ ಹೋಗುತ್ತಿದೆ. (ಪಂಪಿನ ಒಳಗಿನ ವಾಲ್ವ್ ಹಾಳಾಗಿದ್ದರೂ, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಎಳೆದರೂ ಹೀಗೆ ಆಗಬಹುದು. ಹಾಗಾಗಿ ಶಬ್ದ ಕೇಳಿದ ಕೂಡಲೇ ತೀರ್ಪು ಕೊಡಬೇಡಿ.) ಒಂದು ನಿಮಿಷದಲ್ಲಿ ಮುಂದಿನ ಮುಚ್ಚಳದ ಮೇಲಿನ ವಿಭೂತಿ ಒದ್ದೆಯಾಯಿತು. ಇಗ್ನಿಷನ್ ಆಫ್.

ಮತ್ತೆ ಒರಸಿ, ಮತ್ತೆ ವಿಭೂತಿ. ಈಗ ಏನೂ ಮಾಡದೆ ಇಪ್ಪತ್ತು ನಿಮಿಷ ಕೂತೆವು. ಕಾಫಿ ಕುಡಿದೆವು. (ದೂರದಲ್ಲಿ.) ಮುಂದಿನದು ಒಣಗಿಯೇ ಇತ್ತು. ಹಿಂದಿನದರ ಜೆಟ್ ಕೆಳಗೆ ಪೇಪರಿನಲ್ಲಿ ಕಾಸಿನಗಲ ಕಲೆ.

ಅಂದರೆ ಕಾಯಿಲೆ ಎರಡು. ಒಂದು ಪಂಪು ಹೊಡೆಯುವಾಗ ಮಾತ್ರ, ಮುಂದಿನದರಲ್ಲಿ. ಇನ್ನೊಂದು ಸದಾಕಾಲ, ಹಿಂದಿನದರಲ್ಲಿ. ಎರಡನ್ನೂ ಒಂದೇ ಅಂದುಕೊಂಡದ್ದರಿಂದಲೇ ಇಷ್ಟೆಲ್ಲ ಆದದ್ದು.

ಹಿಂದಿನದು ಸುಲಭ. ಈ ಹಳೇ ಎಸ್‌ಯುಗಳಲ್ಲಿ ಚೋಕ್ ಎಳೆದರೆ ಜೆಟ್ ಕೆಳಗೆ ಜಾರುತ್ತದೆ. ಜಾರುವ ಕೊಳವೆಯ ಸುತ್ತ ಪೆಟ್ರೋಲ್ ಇಳಿಯದ ಹಾಗೆ ಸಣ್ಣ ಕಾರ್ಕ್ ಉಂಗುರಗಳಿರುತ್ತವೆ, ಬಾಟಲಿಯ ಬಿರಡೆಗೆ ಹಾಕುವ ಅದೇ ಕಾರ್ಕ್. ವರ್ಷಗಟ್ಟಲೆ ಗಾಡಿ ನಿಂತರೆ ಅವು ಒಣಗಿ ಕುಗ್ಗುತ್ತವೆ. ಅವು ಕೂತಿರುವುದು ಪೆಟ್ರೋಲ್ ಮಟ್ಟಕ್ಕಿಂತ ಕೆಳಗೆ. ಹಾಗಾಗಿ ಬಟ್ಟಲು ಖಾಲಿಯಾಗುವ ತನಕ ಹನಿಯುತ್ತಲೇ ಇರುತ್ತದೆ. ಇದಕ್ಕೆ ಹೊಸ ನೀಡಲ್ ಏನು ಮಾಡೀತು? ಗ್ಯಾರೇಜಿನವರು ಮೆತ್ತಿದ ಸಿಲಿಕಾನ್ ಅಂತೂ ಪೆಟ್ರೋಲಿನಲ್ಲಿ ಉಬ್ಬಿ ಅವಲಕ್ಕಿ ತರ ಕಿತ್ತು ಬರುತ್ತಿತ್ತು. ಒಂದು ಚೂರು ಒಳಗೇ ಹೋಗಿತ್ತು. ಪೆಟ್ರೋಲ್ ತಾಗುವ ಯಾವ ಜಾಗಕ್ಕೂ ಆ ಸಿಲಿಕಾನ್ ಹಚ್ಚಲು ಬಿಡಬೇಡಿ, ಹಚ್ಚುವವರು ಎಷ್ಟೇ ದೊಡ್ಡ ಮೇಸ್ತ್ರಿಯಾಗಿರಲಿ.

ಇನ್ನೊಂದು ಅನಾಹುತ. ಜೆಟ್ಟಿನ ನಟ್ಟು ಸುಮ್ನೆ ತಿರುಗಿಸುವ ಹಾಗಿಲ್ಲ. ಜೆಟ್ ನಡುಮಧ್ಯ ಕೂತಿರಬೇಕು, ಇಲ್ಲದಿದ್ದರೆ ಮೇಲಿನಿಂದ ಇಳಿಯುವ ಸೂಜಿ ಪಕ್ಕಕ್ಕೆ ಉಜ್ಜುತ್ತದೆ. ಹಿರಿಯರು ಆ ಸೂಜಿ ಹಿಡಿದಿರುವ, ಕಾರ್ಬೊರೇಟರ್ ಒಳಗಿನ ಪಿಸ್ಟನ್ ಬೆರಳಲ್ಲಿ ಎತ್ತಿ ಬಿಟ್ಟರು. ಮುಂದಿನದು ಇಳಿದು ಟಕ್ ಅಂತು. ಹಿಂದಿನದು ಅರ್ಧದಲ್ಲೇ ನಿಂತಿತು. ಗ್ಯಾರೇಜಿನಿಂದ ಬಂದಮೇಲೆ ಎಂಜಿನ್ ಕುಂಟುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಮುಂದಿನದು ಸ್ವಲ್ಪ ಆಟ ಆಡಿಸಿತು. ಎರಡು ಕಾರ್ಬೊರೇಟರ್ ಇರುವುದರ ಒಂದು ಲಾಭ ಇದು: ಒಂದರ ಸಾಮಾನು ಇನ್ನೊಂದಕ್ಕೆ ಹಾಕಿ ನೋಡಬಹುದು. ಆದರೆ ಒಂದು ಸಲಕ್ಕೆ ಒಂದೇ ಸಾಮಾನು. ಮೊದಲು ನೀಡಲ್, ಸೀಟು ಅದಲು ಬದಲು ಮಾಡಿದೆವು. ಸೋರಿಕೆ ಮುಂದೆಯೇ ಉಳಿಯಿತು. ನೀಡಲ್ ತಪ್ಪಲ್ಲ. ಆಮೇಲೆ ಫ್ಲೋಟ್ (ಬಟ್ಟಲಿನಲ್ಲಿ ತೇಲುತ್ತಾ ನೀಡಲ್ ಮುಚ್ಚಿಸುವ ಡಬ್ಬಿ) ಅದಲು ಬದಲು. ಪಂಪು ಹಾಕಿದರೆ ಈಗ ಹಿಂದಿನ ಮುಚ್ಚಳ ಒದ್ದೆ, ಮುಂದಿನದು ಖಡಕ್ ಒಣ!

ಆ ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗುಳು ಗುಳು. ಬೆಸುಗೆಯಲ್ಲಿ ಕಣ್ಣಿಗೆ ಕಾಣದ ತೂತು. ಪೆಟ್ರೋಲ್ ಒಳಗೆ ಸೇರಿ ತೇಲಬೇಕಾದ್ದು ಮುಳುಗುತ್ತಿತ್ತು, ನೀಡಲ್ ಮುಚ್ಚುತ್ತಿರಲಿಲ್ಲ. "ಇದನ್ನ ಮೊದಲೇ ಅಲ್ಲಾಡಿಸಿ ನೋಡಬಹುದಿತ್ತಲ್ವಾ?" ಅಂದೆ. "ಹೌದು. ಆಗ ನಿಮಗೆ ಹುಡುಕೋದು ಬರ್ತಿರಲಿಲ್ಲ" ಅಂದರು. ಬಿಸಿನೀರನ್ನು ಅಡುಗೆಮನೆಯಿಂದ ಹೊರಗೆ ತಂದು ಅದರಲ್ಲಿ ಮುಳುಗಿಸಿದಾಗ ತೂತಿನಿಂದ ಗುಳ್ಳೆ ಬಂತು. ಫ್ಲೋಟನ್ನು ಒಲೆಯ ಹತ್ತಿರ ಒಯ್ಯಬೇಡಿ. ಒಳಗೆ ಪೆಟ್ರೋಲ್ ಇರುವಾಗ ಬೆಸುಗೆ ಹಾಕಿಸಲೂ ಹೋಗಬೇಡಿ, ಅದು ಕೈಯಲ್ಲಿ ಬಾಂಬ್ ಹಿಡಿದ ಹಾಗೆ.

ತುಂಬಿ ಹೊರಚೆಲ್ಲುವ ಪೆಟ್ರೋಲನ್ನು ಮ್ಯಾನಿಫೋಲ್ಡ್ ದಾಟಿಸಿ ಕೆಳಗೆ ಬಿಡಲು ಬಟ್ಟಲಿನ ಮುಚ್ಚಳಕ್ಕೆ ಒಂದು ಸಣ್ಣ ಪೈಪು ಇರುತ್ತದೆ. ನಮ್ಮ ಕಾರಿನಲ್ಲಿ ಮುಂದಿನದಕ್ಕೆ ಅದೇ ಇರಲಿಲ್ಲ. ಯಾವಾಗ ಯಾರು ಬಿಚ್ಚಿ ಎಸೆದರೋ. ಇಂಥ ಕಾರು ಇರುವವರು ಇವತ್ತೇ ಬಾನೆಟ್ ಎತ್ತಿ ಆ ಪೈಪು ಇದೆಯಾ, ಅದರ ತುದಿ ಎಕ್ಸಾಸ್ಟ್‌ಗಿಂತ ಕೆಳಗೆ ಇಳಿದಿದೆಯಾ ನೋಡಿ. ಹಾಗೇ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ಮೂಸಿ. ಫ್ಲೋಟ್ ಮುಳುಗಿದರೆ ಪೆಟ್ರೋಲ್ ಜೆಟ್ ಮೇಲೆ ಉಕ್ಕಿ ಸಿಲಿಂಡರ್ ಮೂಲಕ ಎಂಜಿನ್ ಆಯಿಲ್‌ಗೂ ಸೇರುತ್ತದೆ. ನಮ್ಮ ಆಯಿಲ್ ಮಟ್ಟ ಏರಿತ್ತು, ನೀರಿನ ತರ ತೆಳ್ಳಗಿತ್ತು. ಆಯಿಲ್ ಸುಡುವುದಿಲ್ಲ ಅಂತ ನಾನು ಖುಷಿಪಟ್ಟುಕೊಂಡಿದ್ದೆ.

ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದರೂ ಫ್ಲೋಟ್ ಸಿಗಲಿಲ್ಲ. ಇಂಗ್ಲೆಂಡಿನಿಂದ ಎರಡು ಫ್ಲೋಟ್, ಕಾರ್ಕ್, ಫೈಬರ್ ವಾಷರ್ ತರಿಸಿದೆ. ಕಾರ್ಕ್‌ಗಳನ್ನು ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟು ಹಾಕಿದೆವು. ಬಾಂಜೋ ಬೋಲ್ಟಿನ ಹಳೇ ವಾಷರ್‌ಗಳು ಆ ಬಲಪ್ರಯೋಗಕ್ಕೆ ಹಪ್ಪಳವಾಗಿದ್ದವು. ಸಾಮಾನಿನ ಒಟ್ಟು ಖರ್ಚು, ಸುಂಕ ಸೇರಿ, ಗ್ಯಾರೇಜ್ ಬಿಲ್ಲಿನ ಕಾಲು ಭಾಗಕ್ಕಿಂತ ಕಡಿಮೆ.

ಗ್ಯಾರೇಜಿಗೆ ಫೋಟೋ, ವಿಡಿಯೋ ಎಲ್ಲ ಕಳಿಸಿದೆ. "ಗಾಡಿ ಕೊಡುವಾಗ ಸೋರುತ್ತಿರಲಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂತು. ಕೊಡುವಾಗ ಇಗ್ನಿಷನ್ ಆನ್ ಮಾಡಿ ಅವರ ಎದುರೇ ಐದು ನಿಮಿಷ ನಿಂತು ನೋಡದೇ ಇದ್ದದ್ದು ನನ್ನ ತಪ್ಪು. ನೀವು ನಿಲ್ಲಿ. ಕೆಳಗೊಂದು ಪೇಪರ್ ಹಾಸಿಕೊಂಡೇ ನಿಲ್ಲಿ, ನಕ್ಕರೆ ನಗಲಿ.

ಬೆಂಕಿ ಆರಿಸುವ ಸಿಲಿಂಡರ್ ಈಗ ಪಕ್ಕದ ಸೀಟಿನವರ ಕಾಲ ಹತ್ತಿರ ಕ್ಲಾಂಪಿನಲ್ಲಿದೆ. ಹೆಂಡತಿಗೆ ಕಾಲು ಚಾಚಲು ಜಾಗ ಸಾಲುವುದಿಲ್ಲ, ಆದರೂ ಅದನ್ನು ಅಲ್ಲಿಂದ ತೆಗೆಯಲು ಅವಳೇ ಬಿಡುವುದಿಲ್ಲ. ವೈರಿಂಗ್ ಕೆಲಸ ಅರ್ಧ ಬಾಕಿ ಇದೆ. ಬಾನೆಟ್ಟಿಗೆ ಇನ್ನೂ ಬಣ್ಣ ಹೊಡೆಸಿಲ್ಲ.